ಕಪಾಟಿನ ಮೇಲಿನ ಮೊಟ್ಟೆ ಚೆಂಡು

ಇವತ್ತು ಬೆಳಿಗ್ಗೆ ಹೆಂಡತಿ ಕಪಾಟಿನ ಮೇಲಿನ ಧೂಳು ಹೊಡೆಯುವಾಗ ರಗ್ಬಿ ಚೆಂಡು ಕೆಳಗೆ ಬಿತ್ತು. ದುಂಡನೆಯ ಚೆಂಡಾಗಿದ್ದರೆ ಮರ್ಯಾದೆಯಿಂದ ಒಂದೇ ಕಡೆ ಉರುಳುತ್ತಿತ್ತು. ಇದು ಮೊಟ್ಟೆಯಾಕಾರದ್ದು, ಬಾಗಿಲ ಕಡೆ ಹೊರಟಂತೆ ಮಾಡಿ, ತಿರುಗಿ ಬಂದು, ಚಹಾ ಕುಡಿಯುತ್ತ ಕೂತಿದ್ದ ನನ್ನ ಕಾಲಿಗೇ ತಾಕಿತು. ಎತ್ತಿ ಮೂಸಿದೆ. ಹೊಸ ರಬ್ಬರಿನ ವಾಸನೆ ಇನ್ನೂ ಹೋಗಿರಲಿಲ್ಲ. ಹೋಗುವುದಾದರೂ ಹೇಗೆ ಹೇಳಿ? ವರ್ಷದಿಂದ ಅದರಲ್ಲಿ ಯಾರೂ ಆಡಿಲ್ಲ. ಮೇಲೆ ಅದು, ಕೆಳಗೆ ಹೊಟ್ಟೆಕಿಚ್ಚಿನ ನಾನು, ಇಬ್ಬರೂ ಒಂದೇ ಕೋಣೆಯಲ್ಲಿ ದಿನ ಕಳೆದಿದ್ದೇವೆ.

ಈ ಚೆಂಡಿನ ಕತೆ ಹೇಳಬೇಕೆಂದರೆ ಈರಪ್ಪನ ಹೆಸರು ಎತ್ತಲೇಬೇಕು. ಅವನು ಬನಹಟ್ಟಿಯ ನೇಕಾರರ ಮನೆಯವನು, ನಾನು ಜಮಖಂಡಿಯ ಅಂಗಡಿಕಾರರ ಮನೆಯವನು. ಹೈಸ್ಕೂಲಿನಲ್ಲಿ ನಮ್ಮನ್ನು ಸೇರಿಸಿದ್ದು ಕಬಡ್ಡಿ. ದಿನವೂ ಎದುರುಬದುರು ನಿಂತು ಅಭ್ಯಾಸ ಮಾಡುತ್ತಿದ್ದೆವು. ಪಂದ್ಯದಲ್ಲಿ ಎದುರಾಳಿಗಳ ಅಂಗಳಕ್ಕೆ ನುಗ್ಗಿ ಇಬ್ಬರನ್ನು ಮುಟ್ಟಿ ಬರುವವನು ಅವನು. ನಮ್ಮ ಅಂಗಳಕ್ಕೆ ಬಂದವನ ಹಿಮ್ಮಡಿ ಹಿಡಿದು ಕೆಡವುವವನು ನಾನು. ಮುಟ್ಟಿ ಬಂದವನ ಹೆಸರನ್ನು ಊರೇ ಕೂಗುತ್ತದೆ. ಹಿಡಿದವನು ನಾಲ್ಕು ಜನರ ಕೆಳಗೆ ಮಣ್ಣು ತಿನ್ನುತ್ತ ಬಿದ್ದಿರುತ್ತಾನೆ, ಅವನ ಹೆಸರು ಯಾರಿಗೆ ಬೇಕು? ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಅಲ್ಲಿ.

ಮುಂದೆ ಅವನು ಪಿ.ಟಿ. ಮಾಸ್ತರನಾದ, ನಾನು ಪೈಪು, ಪಂಪ್‌ಸೆಟ್ಟಿನ ಅಂಗಡಿಯಲ್ಲಿ ಕೂತೆ. ಆದರೂ ನನ್ನದೆಂಬುದು ಒಂದಿತ್ತು: ವರ್ಷಕ್ಕೊಮ್ಮೆ ನಾನು ನಡೆಸುವ ಕಬಡ್ಡಿ ಟೂರ್ನಮೆಂಟು. ಗೆದ್ದವರ ಶೀಲ್ಡಿನ ಮೇಲೆ ನನ್ನ ಹೆಸರು, ಮೈಕಿನಲ್ಲಿ ನನ್ನ ಧ್ವನಿ, ಕೊನೆಗೆ ಗಣ್ಯರೆಲ್ಲ ಸೇರಿ ನನಗೇ ಹೊದಿಸುವ ಶಾಲು. ಅಂಥ ಶಾಲುಗಳಿಂದ ನಮ್ಮ ಟ್ರಂಕು ತುಂಬಿದೆ.

ಹೋದ ವರ್ಷ ಈರಪ್ಪ ರಗ್ಬಿ ಟೂರ್ನಮೆಂಟು ಮಾಡುತ್ತೇನೆಂದ. ಮುಧೋಳದ ಕಡೆ ತಂದೆತಾಯಿಯಿಲ್ಲದ ಹುಡುಗಿಯರನ್ನು ಸಾಕುವ ಒಂದು ಆಶ್ರಮವಿದೆ, ಬಂದ ಹಣವೆಲ್ಲ ಅವರ ಊಟ, ಹಾಸಿಗೆಗೆ ಎಂದ. ಕುಂಬಳಕಾಯಿ ಬಗಲಲ್ಲಿಟ್ಟುಕೊಂಡು ಓಡುವುದನ್ನು ನೋಡಲು ಯಾರು ಬರುತ್ತಾರೆ ಎಂದು ನಾನು ನಕ್ಕೆ. ಬಂದರು. ಬೀಳಗಿಯಿಂದ ಬಂದರು, ತೇರದಾಳದಿಂದ ಬಸ್ಸು ತುಂಬಿ ಬಂದರು. ಮಹಾಲಿಂಗಪುರದ ವ್ಯಾಪಾರಿಗಳು ಆಶ್ರಮಕ್ಕೆಂದು ಬೆಲ್ಲ ಕಳಿಸಿದರು, ಬನಹಟ್ಟಿಯವರು ಸೀರೆ ಕೊಟ್ಟರು. ನನ್ನ ಟೂರ್ನಮೆಂಟಿಗೆ ಯಾರೂ ಬೆಲ್ಲದ ಚೂರೂ ಕಳಿಸಿದವರಲ್ಲ. ನಾನು ಯಾರಿಗಾಗಿ ಕೇಳಿದ್ದೆ ಅನ್ನಿ? ಆಟದಿಂದ ಮಕ್ಕಳಿಗೆ ಹಾಸಿಗೆ ಬರಬಹುದೆಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ, ಅವನಿಗೆ ಹೊಳೆದಿತ್ತು. ಅದನ್ನೇ ನನ್ನಿಂದ ಸಹಿಸಲಾಗಲಿಲ್ಲ.

ನಮ್ಮ ಕಡೆ ದೇವರಿಗೆ ಒಪ್ಪಿಸಿದ ತೆಂಗಿನಕಾಯಿಯನ್ನು ಸವಾಲಿಗೆ, ಅಂದರೆ ಹರಾಜಿಗೆ, ಇಡುತ್ತಾರೆ. ಹೆಚ್ಚಿನ ಬೆಲೆ ಕೂಗಿದವನಿಗೆ ಕಾಯಿ, ಜೊತೆಗೆ ಮೈಕಿನಲ್ಲಿ ಅವನ ಹೆಸರು. ಈರಪ್ಪ ಫೈನಲ್ಲಿನ ಚೆಂಡಿನ ಜೊತೆ ತಂದು, ಆಡದೆ ಉಳಿದಿದ್ದ ಇನ್ನೊಂದು ಹೊಸ ಚೆಂಡನ್ನು ಹಾಗೆ ಸವಾಲಿಗೆ ಇಟ್ಟ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರು ಕೂಗಿದರು. ಈರಪ್ಪನ ಮೈದಾನದಲ್ಲಿ ಒಮ್ಮೆಯಾದರೂ ನನ್ನ ಹೆಸರು ಮೊಳಗಬೇಕೆಂಬ ಹಟಕ್ಕೆ ನಾನೂ ಕೂಗಿದೆ. ಅವರು ಏರಿಸಿದರು, ನಾನು ಏರಿಸಿದೆ. ಕೊನೆಗೆ ಅವರು ನಗುತ್ತ ಕೂತುಬಿಟ್ಟರು. ಒಂದು ಒಳ್ಳೆಯ ಪಂಪ್‌ಸೆಟ್ಟಿನ ಬೆಲೆಗೆ ಆ ಕುಂಬಳಕಾಯಿ ನನ್ನ ಪಾಲಿಗೆ ಬಂತು.

ಮೈಕಿನಲ್ಲಿ ಹೆಸರು ಬಂತು, ಚಪ್ಪಾಳೆ ಬಿತ್ತು. ಚೆಂಡು ಕೊಡುವಾಗ ಈರಪ್ಪ ನನ್ನನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳಿದ:

"ಸುಮ್ಮ ಕೇಳಿದ್ರ ನೀ ಕೊಡತಿದ್ದಿಲ್ಲಲೇ. ನಿನ್ನ ಹೊಟ್ಟಿಕಿಚ್ಚಿನ ಮ್ಯಾಲ ನನಗ ಭಾಳ ಭರೋಸಾ ಇತ್ತು."

ಅವತ್ತಿನಿಂದ ನಾನು ಅವನ ಜೊತೆ ಮಾತು ಬಿಟ್ಟೆ. ಅವನು ಹೇಳಿದ್ದು ಸುಳ್ಳಾಗಿದ್ದರೆ ಎಂಟು ದಿನದಲ್ಲಿ ಮರೆಯುತ್ತಿದ್ದೆ.

ಮೊನ್ನೆ ಈ ವರ್ಷದ ಆಮಂತ್ರಣ ಬಂದಿತ್ತು. ಈ ಸಲ ಆಶ್ರಮದ ಹುಡುಗಿಯರದೇ ಒಂದು ತಂಡವಿದೆ ಎಂದು ಅದರಲ್ಲಿತ್ತು. ಇವತ್ತು ಬೆಳಿಗ್ಗೆ ಬಿದ್ದ ಚೆಂಡನ್ನು ಒರೆಸುತ್ತ ಹೆಂಡತಿ, "ಇಲ್ಲಿಟ್ಟು ಏನ ಪೂಜಿ ಮಾಡತೀರೇನು? ಆ ಹುಡಿಗ್ಯಾರಿಗೆ ಕೊಟ್ಟು ಬರ್ರಿ," ಎಂದಳು. ಚೀಲದಲ್ಲಿ ಚೆಂಡು ಹಾಕಿಕೊಂಡು ಆಶ್ರಮಕ್ಕೆ ಹೋಗಲು ಬಸ್ಸು ಹತ್ತಿದೆ. ದಾನಬುದ್ಧಿ ಬಂತೆಂದು ತಿಳಿಯಬೇಡಿ. ಈರಪ್ಪ ಅಲ್ಲಿ ಇಲ್ಲದಾಗ ಅವನಿಗಿಂತ ದೊಡ್ಡವನೆನಿಸಿಕೊಂಡು ಬರುವ ಆಸೆ ಇತ್ತು.

ಆಶ್ರಮದ ಅಂಗಳದಲ್ಲಿ ಹತ್ತು ಹನ್ನೆರಡು ಹುಡುಗಿಯರು ಚೆಂಡಿಗೆ ಗಾಳಿ ತುಂಬಿ ಆಗಲೇ ಆಟಕ್ಕೆ ಇಳಿದರು. ಒಬ್ಬಳು ಚೆಂಡು ಹಿಡಿದು ಓಡಿದಳು. ಸಾವಿತ್ರಿ ಎಂಬ ಬಡಕಲು ಹುಡುಗಿ ಹಿಂದಿನಿಂದ ಬಂದು, ಎಡಗೈಯನ್ನು ಹಿಮ್ಮಡಿಗೆ ಹಾಕಿ, ಭುಜವನ್ನು ಮೊಣಕಾಲಿನ ಹಿಂದೆ ಕೊಟ್ಟು ಕೆಡವಿದಳು. ಅದು ಕಬಡ್ಡಿಯಲ್ಲಿ ನಾನು ಹಿಡಿಯುತ್ತಿದ್ದ ರೀತಿ. ಇದನ್ನು ಯಾರು ಕಲಿಸಿದರೆಂದು ಕೇಳಿದೆ.

"ಈರಪ್ಪ ಸರ್ ಕಲಿಸ್ಯಾರ್ರಿ," ಎಂದಳು ಸಾವಿತ್ರಿ. "ಇದಕ್ಕ ದೋಸ್ತನ ಪಟ್ಟು ಅಂತಾರ್ರಿ. ಜಮಖಂಡ್ಯಾಗ ಅವರ ದೋಸ್ತ ಒಬ್ಬರು ಅದಾರಂತ್ರಿ. ಅವರ ಕೈಯಾಗ ಕಾಲು ಸಿಕ್ಕರ ಸರ್‌ಗೂ ಬಿಡಿಸಿಕೊಳ್ಳಾಕ ಆಗತಿದ್ದಿಲ್ಲಂತ್ರಿ. ಅವರು ನಿಮಗ ಗೊತ್ತೇನ್ರಿ?"

ಮೈಕಿನಲ್ಲಿ ಹೆಸರು ಕೇಳಲು ಪಂಪ್‌ಸೆಟ್ಟಿನ ಬೆಲೆ ಸುರಿದವನಿಗೆ ಅಲ್ಲಿ ತನ್ನ ಹೆಸರು ಹೇಳಲು ಬಾಯಿ ಬರಲಿಲ್ಲ. ಹೌದವಾ, ಗೊತ್ತು ಎಂದಷ್ಟೇ ಅಂದು, ಮೊಣಕಾಲೂರಿ ಕೂತು, ಎಡಗೈ ಇನ್ನೂ ಸ್ವಲ್ಪ ಬಿಗಿಯಾಗಿರಬೇಕೆಂದು ತೋರಿಸಿದೆ.

ಈಗ ಮನೆಯಲ್ಲಿ ಕೂತಿದ್ದೇನೆ. ಧೂಳು ಹೊಡೆದರೂ ಕಪಾಟಿನ ಮೇಲೆ ಚೆಂಡು ಕೂತ ಗುರುತು ಮೊಟ್ಟೆಯಾಕಾರದಲ್ಲಿ ಉಳಿದಿದೆ. ಹೊಟ್ಟೆಕಿಚ್ಚು ಹೋಯಿತೆಂದರೆ ಸುಳ್ಳಾದೀತು. ಇಷ್ಟು ವರ್ಷ ಅವನು ನನ್ನ ಬೆನ್ನ ಹಿಂದೆ ನನ್ನನ್ನು ಹೊಗಳುತ್ತ ಬಂದಿದ್ದಾನೆ, ನಾನು ಅವನನ್ನು ಒಂದು ಸಲವೂ ಹೊಗಳಿಲ್ಲ. ಇದರಲ್ಲೂ ಅವನೇ ಮುಂದೆ.

ವರ್ಷದಿಂದ ಮಾತು ಬಿಟ್ಟಿದ್ದವನು ಈಗ ಅವನಿಗೆ ಫೋನು ಹಚ್ಚಿದೆ. ಅವನು ಹಲೋ ಅನ್ನುವ ಮೊದಲೇ ಕೇಳಿದೆ:

"ಈ ಸಲ ಸವಾಲಿಗೆ ಏನ ಇಟ್ಟೀಯಲೇ ಈರಪ್ಪಾ?"