ಮೈಮುನಬಿ ನಾಯಿಗೆ ಹೊಲಿದ ಕೌದಿ

ತಿರ್ಲಾಪುರದ ಮೈಮುನಬಿ ಕೌದಿ ಹೊಲಿಯುವವಳು. ಮನೆಯವರ ಹಳೆ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಅವರ ಕಟ್ಟೆಯ ಮೇಲೆಯೇ ನಾಲ್ಕಾರು ದಿನ ಕೂತು ಹೊಲಿಯುತ್ತಾಳೆ. ಯಾರ ಮನೆಯಲ್ಲಿ ಯಾರು ಬಡಿಯುತ್ತಾರೆ, ಯಾರು ಉಣ್ಣಿಸುತ್ತಾರೆ, ಎಲ್ಲ ಗೊತ್ತು. ಬಾಯಿ ಬಿಡುವವಳಲ್ಲ.

ಆ ದಿನ ಬಿಟ್ಟಳು.

ರೇವವ್ವನ ಕಟ್ಟೆಯ ಮೇಲೆ ಹೊಲಿಯುತ್ತಿದ್ದಳು. ಎದುರಿನ ಬಾಡಿಗೆ ಮನೆಯ ಗುಮಾಸ್ತ ಹೇಮಂತ ವರ್ಗವಾಗಿ ಹೊರಟಿದ್ದ. ಸಾಕಿದ ನಾಯಿ ಮೋತಿಯನ್ನು ಮೂರು ದಿನದ ಹಿಂದೆ ಕಾರಿನಲ್ಲಿ ಒಯ್ದು ಹಳ್ಳದಾಚೆ ಬಿಟ್ಟು ಬಂದಿದ್ದ. ಅದು ಕಾಲು ಹರಿದುಕೊಂಡು, ಕುಂಟುತ್ತ ಅದೇ ಬಾಗಿಲಿಗೆ ಬಂದು ಮಲಗಿತ್ತು. ಹೇಮಂತ ಮತ್ತೆ ಕಾರಿನ ಬಾಗಿಲು ತೆಗೆದ. ಮೋತಿ ಬಾಲ ಅಲ್ಲಾಡಿಸುತ್ತ ತಾನೇ ಹತ್ತಿತು.

ಮೈಮುನಬಿ ಸೂಜಿ ಚುಚ್ಚಿಟ್ಟು ಎದ್ದಳು.

"ಎಲ್ಲಿಗ್ರಿ ಸಾಹೇಬ್ರ?"

"ದೂರ ಬಿಟ್ಟು ಬರ್ತೇನ್ರಿ. ಹೊಸಾ ಮನಿ ಮಾಲಕ ನಾಯಿ ಒಲ್ಲೆ ಅಂದಾನ. ಎಲ್ಲೆರ ಬದಕ್ತದ."

"ನಿಮ್ಮ ಕಾರಿನ ಮ್ಯಾಲ ಅದಕ್ಕ ಇನ್ನೂ ನಂಬಿಕಿ ಐತಿ. ನಾಚಿಕಿ ಬರಂಗಿಲ್ಲೇನ್ರಿ? ನಾವು ಕೌದಿ ಹೊಲಿಯೋರು ಹರಕ ಅರಿವಿನೂ ಬೀದಿಗೆ ಒಗಿಯಂಗಿಲ್ಲ."

ಹೇಮಂತ ತಲೆ ತಗ್ಗಿಸಿದ. "ಹಿಂದಿನ ಓಣಿ ಶಿದ್ಲಿಂಗಪ್ಪ ನಾಯಿ ಬೇಕಂತ ಕೇಳ್ಯಾನ. ಅವಗ ಕೊಡ್ಲೇನು?"

"ಅವನ ಮನ್ಯಾಗ ಐದು ದಿನ ಕುಂತು ಹೊಲದೇನಿ. ಮೊದಲಿನ ನಾಯಿ ಮೊಳದುದ್ದ ಸರಪಳ್ಯಾಗ, ಬಿಸಲಾಗ ಸತ್ತದ್ದು ನೋಡೇನಿ."

"ಅವನ ಹೇಂತಿನ ನಿಲ್ಲಲಿಲ್ಲ, ನಾಯಿ ನಿಲ್ತದೇನು?" ಎಂದಳು ರೇವವ್ವ ಕಟ್ಟೆಯಿಂದ.

ಮೈಮುನಬಿ ಹೇಮಂತನ ಕಡೆ ತಿರುಗಿದಳು. "ರೈತ ಕುಬೇರಪ್ಪನ್ನ ನಾ ಕೇಳತೇನಿ. ದನಕ್ಕ ನೀರಿಡೂತನಕ ಅವರು ಚಾ ಕುಡಿಯಂಗಿಲ್ಲ. ಮೊದಲ ದನದ ದವಾಖಾನಿಗೆ ಒಯ್ದು ಕಾಲಿಗೆ ಔಷಧ ಹಚ್ಚಿಸ್ರಿ, ಹುಚ್ಚನಾಯಿ ರೋಗದ ಇಂಜೆಕ್ಷನ್ ಹಾಕ್ಸಿ ಚೀಟಿ ತರ್ರಿ. ಮತ್ತ ನೀವು ತೊಟ್ಟ ಅಂಗಿ ಒಂದು ಬೇಕು."

ಮರುದಿನ ಚೀಟಿ ಬಂತು. ಅಂಗಿಯ ಬದಲು ಹೊಸ ಚಾದರ ಬಂತು. ಮೈಮುನಬಿ ಅದನ್ನು ಹೇಮಂತನ ಕೈಗೇ ತುರುಕಿದಳು.

"ಇದರಾಗ ನಿಮ್ಮ ವಾಸನಿ ಎಲ್ಲೈತ್ರಿ? ಪರರ ಮನ್ಯಾಗ ಅದಕ್ಕ ನಿದ್ದಿ ಹೆಂಗ ಹತ್ತಬೇಕು? ಮೈಮ್ಯಾಲಿಂದು ಕಳೀರಿ."

ಹೇಮಂತ ಓಣಿಯಲ್ಲೇ ಅಂಗಿ ಕಳೆದು ಬರೀ ಬನಿಯನ್‌ನಲ್ಲಿ ನಿಂತ. ಮೈಮುನಬಿ ಅದನ್ನು ನಡುವಿಟ್ಟು, ಸುತ್ತ ತುಂಡು ಜೋಡಿಸಿ, ಸಂಜೆಯೊಳಗೆ ಎರಡು ಮೊಳ ಅಗಲದ ಕೌದಿ ಹೊಲಿದಳು.

ಕುಬೇರಪ್ಪ ಒಪ್ಪಿದ. "ಹೊಂದಲಿಲ್ಲಂದ್ರ ನೀವ ವಾಪಸ್ ಒಯ್ಬೇಕ್ ನೋಡ್ರಿ" ಎಂದ. ಹೇಮಂತ ಹೂಂ ಅಂದ.

ದನದ ಕೊಟ್ಟಿಗೆಯ ಮೂಲೆಯಲ್ಲಿ ಕೌದಿ ಹಾಸಿದರು. ಮೋತಿ ಮೂಸಿತು, ಸುತ್ತು ಹಾಕಿತು, ಅಂಗಿಯ ಕಾಲರಿನ ಮೇಲೆ ಮೂತಿ ಇಟ್ಟು ಮಲಗಿತು.

"ಭಾಳ ಉಪಕಾರ ಆತ್ರಿ ಯವ್ವಾ" ಎಂದ ಹೇಮಂತ.

ಮೈಮುನಬಿ ಅವನ ಮುಖ ನೋಡಲಿಲ್ಲ.

"ಅಂಗಿ ವಾಸನಿ ಹದಿನೈದು ದಿನಕ್ಕ ಹೋಗ್ತದ. ಅಷ್ಟರಾಗ ಅದು ನಿಮ್ಮನ್ನ ಮರೀಲಿ ಅಂತ ದುವಾ ಮಾಡತೇನಿ."