ರೊಟ್ಟಿ ಒಲೆಯ ಮುಂದೆ ಕಾದ ಪರೈ

ಸೌದಿ ಅರೇಬಿಯಾದ ಥುಕ್ಬಾದಲ್ಲಿರುವ ನಮ್ಮ ವಸತಿ ಸಮುಚ್ಚಯದ ಸಭಾಂಗಣದಲ್ಲಿ ಕಳೆದ ವರ್ಷ ನಡೆದ ತಮಿಳು ಜನಪದ ಗಾಯನಕ್ಕೆ ಸಂಬಂಧಿಸಿದಂತೆ ನನ್ನ ನೆನಪಿನಲ್ಲಿರುವುದನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲ, ಲೋಪವಿದ್ದಲ್ಲಿ ಮನ್ನಿಸಬೇಕು.

ಸದರಿ ಕಾರ್ಯಕ್ರಮವನ್ನು ಏರ್ಪಡಿಸಿದವನು ನನ್ನ ತಮಿಳು ಸಹೋದ್ಯೋಗಿ. ಮಂಗಳೂರಿನಲ್ಲಿ ಓದಿದವನಾದ್ದರಿಂದ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದ. ಇಲ್ಲಿಯ ಶಾಲೆಗಳಲ್ಲಿ ಬೆಳೆದ ಮಕ್ಕಳೂ ಕೇಳಲೆಂದು ಹಳ್ಳಿಯ ಹಾಡುಗಳಿಗೆ ಕೀಬೋರ್ಡ್, ಗಿಟಾರ್ ಸೇರಿಸಿದ್ದ. ನಡುವೆ ತಾನೇ ಪರೈ ಬಾರಿಸುವವನಿದ್ದ. ಪರೈ ಎಂದರೆ ನಮ್ಮ ತಮಟೆಯಂತಹ ವಾದ್ಯ.

ಭೇಟಿಗೆಂದು ಬಂದಿದ್ದ ಅವನ ತಂದೆ ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಊರಿನಲ್ಲಿ ಸಾವಿನ ಮನೆಗಳ ಅಂಗಳದಾಚೆ ನಿಂತು ಪರೈ ಬಾರಿಸಿದವರು ಅವರು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಮಗನ ಕೈಗೆ ಸಿಗಬಾರದೆಂದು ತಮ್ಮ ಪರೈಯನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಮಗ ಮೊದಲು ಚೆನ್ನೈಯಲ್ಲಿ ಕೆಲಸಕ್ಕೆ ಸೇರಿದಾಗ ಅದನ್ನು ಕಲಿತ. ವೇದಿಕೆಯ ಮೇಲೆ ಅದು ಮೊಳಗುವುದನ್ನು ಅಪ್ಪ ಒಮ್ಮೆ ಕೇಳಬೇಕೆಂಬುದೊಂದೇ ಅವನ ಹಟ.

ಮೊದಲ ಹಾಡಿಗೆ ಪರೈ ಮೊಳಗಲೇ ಇಲ್ಲ. ಕಡಲ ತೇವಕ್ಕೆ ಚರ್ಮ ಸಡಿಲಗೊಂಡು ರಟ್ಟಿನ ಡಬ್ಬದಂತೆ ಸದ್ದು ಮಾಡಿತು.

"ಅಂಕಲ್, ಮೈಕ್ ಆಫ್ ಉಂಟಾ?" ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಜನ ನಕ್ಕರು. ತಂದೆಯ ತಲೆ ಇನ್ನೂ ತಗ್ಗಿತು.

ಚಹಾ ವಿರಾಮವೆಂದು ಘೋಷಿಸಿ ಅವನು ನನ್ನ ಬಳಿಗೆ ಓಡಿಬಂದ. "ಚರ್ಮ ಕಾಯಿಸಲಿಕ್ಕೆ ಸ್ವಲ್ಪ ಬೆಂಕಿ ಬೇಕು ಮಾರಾಯ. ಸ್ಟೇಜಿನ ಹಿಂದೆ ಎರಡು ಪೇಪರ್ ಸುಟ್ಟರೆ ಸಾಕು."

"ಎಂತ ಹೇಳ್ತೀಯಾ? ಒಳಗೆ ಬೆಂಕಿ ಹಚ್ಚುವುದಿಲ್ಲ ಅಂತ ಹಾಲಿನ ಪತ್ರಕ್ಕೆ ನಾನೇ ಸಹಿ ಹಾಕಿದ್ದೇನೆ."

"ಹಾಗಾದ್ರೆ ಅಪ್ಪನನ್ನು ರೂಮಿಗೆ ಕಳಿಸುವ. ಅವರಿಗೆ ಇನ್ನೊಮ್ಮೆ ನಾಚಿಕೆ ಬೇಡ."

ಆಗ ನನಗೆ ಎದುರು ಬೀದಿಯ ಅಫ್ಘಾನಿ ರೊಟ್ಟಿ ಅಂಗಡಿ ನೆನಪಾಯಿತು. ಸಹೋದ್ಯೋಗಿ ಜನರನ್ನು ಹಿಡಿದಿಡಲೆಂದು ಸಭಾಂಗಣದಲ್ಲೇ ಉಳಿದ. ಪರೈ ಎತ್ತಿಕೊಂಡು ನಾನು ಓಡಿದೆ. ಒಲೆಯವನು ಅದನ್ನು ತಿರುಗಿಸಿ ನೋಡಿ, "ಯೇ ರೋಟಿ ಕಿತ್ನಾ ಪಕಾನಾ ಹೈ, ಭಾಯ್?" ಈ ರೊಟ್ಟಿಯನ್ನು ಎಷ್ಟು ಬೇಯಿಸಬೇಕು ಎಂದು ನಕ್ಕ. ನನಗೆ ನಗು ಬರಲಿಲ್ಲ. ಕಾವು ಹೆಚ್ಚಾದರೆ ಚರ್ಮ ಬಿರಿಯುತ್ತದೆಂದು ಕೇಳಿದ್ದೆ. ಕಡಿಮೆ ಎಷ್ಟು, ಹೆಚ್ಚು ಎಷ್ಟು ಎಂಬುದು ತಿಳಿದಿರಲಿಲ್ಲ.

ಹಿಂದಿನಿಂದ ಎರಡು ಕೈಗಳು ಬಂದು ಪರೈಯನ್ನು ತೆಗೆದುಕೊಂಡವು. ತಂದೆ ನನ್ನ ಹಿಂದೆಯೇ ಬಂದಿದ್ದರು. ಒಲೆಯ ಮುಂದೆ ಅದನ್ನು ಮೆಲ್ಲನೆ ತಿರುಗಿಸುತ್ತ, ನಡುನಡುವೆ ಬೆರಳಿನಿಂದ ತಟ್ಟಿ ಕೇಳಿದರು. ಸದ್ದು ಏರುತ್ತ ಹೋಯಿತು. "ಪೋದುಂ," ಸಾಕು ಎಂದು ಹೇಳಿ ತಮ್ಮ ಟವೆಲಿನಲ್ಲಿ ಸುತ್ತಿದರು.

ವೇದಿಕೆಗೆ ಹತ್ತಿರವೆಂದು ನಾನು ಹಿಂಬಾಗಿಲು ತೋರಿಸಿದೆ. ಅವರು ಅದನ್ನು ಒಮ್ಮೆ ನೋಡಿ, ಮುಂಬಾಗಿಲಿನಿಂದಲೇ ನಡೆದರು. ಕುರ್ಚಿಗಳ ನಡುವೆ, ಎಲ್ಲರ ಕಣ್ಣೆದುರು, ಟವೆಲು ಬಿಚ್ಚಿ, ವೇದಿಕೆಯಿಂದ ಇಳಿದುಬಂದ ಮಗನಿಗೆ ಪರೈಯನ್ನು ಕೊಟ್ಟರು.

ಮೊದಲ ಪೆಟ್ಟಿಗೇ ಕಿಟಕಿಯ ಗಾಜು ಅದುರಿತು. "ಉಕ್ಕಾರುಂಗ ಐಯಾ, ಕೂತ್ಕೊಳ್ಳಿ," ಎಂದು ಹಿಂದಿನಿಂದ ಯಾರೋ ಕೂಗಿದರು.

ಹಾಡು ಮುಗಿಯುವವರೆಗೂ ಅವರು ಕುರ್ಚಿಗಳ ನಡುವೆಯೇ ತಲೆ ಎತ್ತಿ ನಿಂತಿದ್ದರು.