ಹಲ್ಲಿನಲ್ಲಿ ಕಚ್ಚಿ ಕೇಳುವ ಸದ್ದು

ಹಂದನಕೆರೆಯ ಚಿಕ್ಕರಂಗಯ್ಯನವರ ತೋಟದಲ್ಲಿ ಬೆಳಕು ಇನ್ನೂ ತೆಂಗಿನ ಗರಿಗಳಿಂದ ಕೆಳಗಿಳಿದಿಲ್ಲ. ತ್ರೀ ಫೇಸ್ ಕರೆಂಟು ಬಂದು ಹತ್ತು ನಿಮಿಷವಾಗಿದೆ. ಪಂಪ್‌ಮನೆಯೊಳಗೆ ಲಿಯಾಕತ್ ಅಲಿ ಮಂಡಿಯೂರಿ ಕುಳಿತಿದ್ದಾರೆ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಒತ್ತಿ, ಅದರ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಾರೆ. ದೇವರ ಮುಂದೆ ಕೂತವರ ಹಾಗೆ ಕಾಣುತ್ತಾರೆ.

“ಏನಂತದೆ ಸಾಬ್ರೇ ನಮ್ ಮೋಟ್ರು?” ಚಿಕ್ಕರಂಗಯ್ಯ ಕೂಗಿಯೇ ಕೇಳಬೇಕು. ಮೆಲುದನಿ ಈಗ ಲಿಯಾಕತ್‌ಗೆ ಮುಟ್ಟುವುದಿಲ್ಲ.

“ಹಿಂದ್ಲ ಬೇರಿಂಗು ಹೋಗೈತೆ. ನಾಕು ದಿನ ಓಡ್ತದೆ, ಐದ್ನೇ ದಿನ ಕೈ ಕೊಡ್ತದೆ. ಬೇರಿಂಗ್ ತರಾಕೆ ಪೇಟೆಗೋಗಿ ಬತ್ತೀನಿ.”

“ಬೇರಿಂಗ್ ಅಂತೇಳಿ ಕಂಪ್ಯೂಟ್ರಾಗೆ ಇಮಾನದ ಚಿತ್ರ ನೋಡ್ಕಂಡು ಕೂತ್‌ಬುಟ್ಟೀರಿ ಮತ್ತೆ.”

ಲಿಯಾಕತ್ ನಗುತ್ತಾ ಲೂನಾ ಏರುತ್ತಾರೆ. ಮಾತು ಸುಳ್ಳಲ್ಲ.

ಐವತ್ತಮೂರು ವರ್ಷದ ಈ ಮೆಕ್ಯಾನಿಕ್ ದಿನಕ್ಕೆ ನಾಲ್ಕೈದು ಪಂಪ್‌ಸೆಟ್ ನೋಡುತ್ತಾರೆ, ನಲವತ್ತು ಕಿಲೋಮೀಟರ್ ಸುತ್ತುತ್ತಾರೆ. ಮೂವತ್ತೈದು ವರ್ಷ ಮೋಟಾರುಗಳ ಪಕ್ಕದಲ್ಲೇ ಕೂತು ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಅದಕ್ಕೇ ಸ್ಕ್ರೂಡ್ರೈವರ್ ಕಿವಿಯಿಂದ ಹಲ್ಲಿಗೆ ಬಂದಿದೆ. ಎಲುಬಿನ ಮೂಲಕ ಸದ್ದು ಒಳಗೆ ಇಳಿಯುತ್ತದೆ. ಹೆಂಡತಿ ಜೈನಾಬ್ ಬೀ ಮಾತ್ರ ಇದನ್ನು ಒಪ್ಪುವುದಿಲ್ಲ. “ಊಟಕ್ಕೆ ಕೂಗಿದ್ರೆ ಕೇಳಲ್ಲ ಕಣ್ರೀ. ಮೂರು ಮನೆ ಆಚೆ ಮಿಕ್ಸಿ ಕೆಟ್ಟಿದ್ರೆ ಕೇಳ್ತದೆ.”

ಚಿಕ್ಕನಾಯಕನಹಳ್ಳಿ ಪೇಟೆಯ ಸೈಬರ್ ಸೆಂಟರಿನಲ್ಲಿ ಮಾಲೀಕ ಏಕಾಂತಯ್ಯನವರ ಮಗಳು ಸಿಂಧು ಲಿಯಾಕತ್‌ಗಾಗಿ ಒಂದು ಕಂಪ್ಯೂಟರ್ ಖಾಲಿ ಇಟ್ಟಿರುತ್ತಾಳೆ. ಇಂಟರ್‌ನೆಟ್ಟಿನಲ್ಲಿ ಒಂದು ಗುರುತು ಹಿಡಿಯುವ ಆಟ ನಡೆಯುತ್ತದೆ. ಯಾರೋ ಒಬ್ಬರು ಸೇನೆಯ ವಿಮಾನ, ತೋಪು, ಟ್ಯಾಂಕಿನ ಚಿತ್ರದ ತುಣುಕೊಂದನ್ನು ಹಾಕುತ್ತಾರೆ. ಸರಿಯಾದ ಹೆಸರು ಹೇಳಿದವರಿಗೆ ಮುಂದಿನ ಚಿತ್ರ ಹಾಕುವ ಸರದಿ. ಗೆದ್ದವರಿಗೆ ಬಹುಮಾನವಿಲ್ಲ, ಸೋತವರಿಗೆ ತಮಾಷೆಯ ಮಾತು. ಲಿಯಾಕತ್ ಹೇಳುತ್ತಾರೆ, ಸಿಂಧು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾಳೆ.

“ಈ ವಿಮಾನಾನ ಎಲ್ರೂ ಡಕೋಟ ಅಂತಿದಾರೆ ಚಾಚಾ.”

“ಡಕೋಟ ಆದ್ರೆ ನೆಲದ ಮೇಲೆ ಬಾಲ ಊರಿ ಕೂತಿರ್ತದೆ ಕಣಮ್ಮ. ಇದ್ರ ಹೊಟ್ಟೆ ನೋಡು, ಮಟ್ಟಸವಾಗಿ ನಿಂತೈತೆ. ಕ್ಯಾರಿಬೂ ಅಂತ ಹಾಕು.”

ಎರಡೂವರೆ ವರ್ಷದಲ್ಲಿ ಹೀಗೆ ನೂರ ಎಂಬತ್ತು ಸರಿಯುತ್ತರ. ಆದರೆ ಒಂದೇ ಒಂದು ಸಲ ಬಿಟ್ಟರೆ ತಮ್ಮ ಸರದಿ ಆಡಿದವರಲ್ಲ, ಬೇರೆಯವರಿಗೆ ಬಿಟ್ಟುಕೊಡುತ್ತಾರೆ. ಹಾಕಲು ಅವರಲ್ಲಿ ಚಿತ್ರವಿಲ್ಲ. ಇರುವುದು ಒಂದು ಸದ್ದಿನ ನೆನಪು.

ಹತ್ತು ವರ್ಷದವರಿದ್ದಾಗ ಬೋರನಕಣಿವೆ ಜಲಾಶಯದ ನೀರಿನ ಮೇಲೆ ಎರಡು ಬಾಲದ ದಪ್ಪ ವಿಮಾನವೊಂದು ತೀರ ಕೆಳಗೆ ಹಾದುಹೋಗಿತ್ತು. ದಡದಲ್ಲಿ ಡೀಸೆಲ್ ಎಂಜಿನ್ ಕೂರಿಸುತ್ತಿದ್ದ ತಂದೆ ಕೈ ನಿಲ್ಲಿಸಿ, “ಕೇಳ್ಲಾ, ಎಲ್ಡು ಎಂಜಿನ್ನು ಒಂದೇ ಉಸಿರಲ್ಲಿ ಹೋಯ್ತಾವೆ” ಎಂದಿದ್ದರು. ಎಂಜಿನ್ನುಗಳಿಗೆ ಕಿವಿ ಕೊಡುವ ಬದುಕು ಅಲ್ಲಿಂದಲೇ ಶುರು. ಆ ವಿಮಾನದ ಹೆಸರು ಪ್ಯಾಕೆಟ್ ಎಂದು ಈ ಆಟದಿಂದ ತಿಳಿಯಿತು. ಅಷ್ಟರಲ್ಲಿ ಪ್ಯಾಕೆಟ್‌ಗಳು ಹಾರುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಬಲಗಿವಿಯೂ ಹೆಚ್ಚು ದಿನ ಉಳಿಯದು ಎಂದು ಕಳೆದ ಫೆಬ್ರವರಿಯಲ್ಲಿ ಡಾಕ್ಟರು ಹೇಳಿದರು. ಅದೇ ವಾರ ಗೆದ್ದ ಲಿಯಾಕತ್ ಮೊದಲ ಸಲ ಸರದಿ ಬಿಟ್ಟುಕೊಡಲಿಲ್ಲ. “ಚಿತ್ರ ಇಲ್ಲ. ಪ್ಯಾಕೆಟ್ಟಿನ ಸದ್ದು ಯಾರ ಹತ್ರನಾದ್ರೂ ಐತಾ, ಕೇಳಮ್ಮ” ಎಂದರು.

ಆಟದ ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ಆದರೂ ಯಾರೂ ಆಕ್ಷೇಪಿಸಲಿಲ್ಲ. ಹನ್ನೊಂದು ದಿನ ಅಲ್ಲಿ ಒಬ್ಬರೂ ಹೊಸ ಚಿತ್ರ ಹಾಕಲಿಲ್ಲ. ಮುಖವೇ ನೋಡದ ಮನುಷ್ಯನಿಗೆ ಅವನ ಸದ್ದು ಸಿಗಲೆಂದು ಕಾದರು. ಹನ್ನೆರಡನೆಯ ದಿನ, ವಾಯುಸೇನೆಯಲ್ಲಿ ಆ ವಿಮಾನಗಳ ಕೆಲಸವನ್ನೇ ಮಾಡಿ ನಿವೃತ್ತರಾದವರೊಬ್ಬರು ವಿಳಾಸ ಕೇಳಿದರು. ಅಂಚೆಯಲ್ಲಿ ಒಂದು ಹಳೆಯ ಕ್ಯಾಸೆಟ್ಟು ಬಂತು.

ಮುಂಜಾನೆ ವಚನ ಹಾಕುವುದಕ್ಕೆಂದು ಏಕಾಂತಯ್ಯ ಇಟ್ಟುಕೊಂಡಿದ್ದ ಟೇಪ್ ರೆಕಾರ್ಡರಿಗೆ ಸಿಂಧು ಅದನ್ನು ಹಾಕಿದಳು. ಸದ್ದು ಪೂರ್ತಿ ಏರಿಸಿದಳು. ಪಕ್ಕದ ಅಂಗಡಿಯವರೂ ಹೊರಗೆ ಬಂದು ಆಕಾಶ ನೋಡಿದರು. ಲಿಯಾಕತ್ ತಲೆ ಅಲ್ಲಾಡಿಸಿದರು. “ಗಾಳಿ ಬೀಸ್ದಂಗೆ ಅನ್ನಿಸ್ತದೆ ಕಣಮ್ಮ, ಅಷ್ಟೇಯ.”

ಆಮೇಲೆ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಟೇಪ್ ರೆಕಾರ್ಡರಿನ ಮೈಗೆ ಒತ್ತಿ, ಹಿಡಿ ಕಚ್ಚಿಕೊಂಡರು. ನಾಲ್ಕು ನಿಮಿಷ. ಕ್ಯಾಸೆಟ್ಟು ನಿಂತ ಮೇಲೂ ಕಣ್ಣು ತೆರೆಯಲಿಲ್ಲ.

ಇಂದೂ ಬೇರಿಂಗ್ ತೆಗೆದುಕೊಂಡು ಹಂದನಕೆರೆಗೆ ಹೊರಡುವ ಮುನ್ನ ಅವರು ಅದನ್ನು ಒಮ್ಮೆ ಕೇಳುತ್ತಾರೆ. ಅದೇ ಸದ್ದೇನಾ ಎಂದು ಸಿಂಧು ಕೂಗಿ ಕೇಳಿದರೆ, ಹಿಡಿಯ ಮೇಲಿನ ಹಲ್ಲಿನ ಗುರುತನ್ನು ಹೆಬ್ಬೆರಳಲ್ಲಿ ಸವರುತ್ತಾರೆ.

“ಅದೇಯ. ಆದ್ರೆ ಅವತ್ತು ಒಂದೇ ಉಸಿರಲ್ಲಿ ಹೋಯ್ತು. ಇದ್ರಲ್ಲಿ ಒಂದು ಎಂಜಿನ್ನು ಅವಾಗವಾಗ ಬಡಿತ ತಪ್ಪಿಸ್ತದೆ. ಹತ್ರ ಇದ್ದೋರ್ಯಾರೂ ಗಮನಿಸ್ಲಿಲ್ಲ ಅನ್ನಿಸ್ತದೆ. ನಾನಿದ್ದಿದ್ರೆ ಅರ್ಧ ಗಂಟೆ ಕೆಲ್ಸ ಕಣಮ್ಮ.”